ಕೋಚ್ ಸರ್‌ಗೆ ಹೇಳುವವರು ಯಾರು?

ಕುವೈತ್‌ನಲ್ಲಿ ಶುಕ್ರವಾರ ಬಂತೆಂದರೆ ಉಳಿದವರು ಬಟ್ಟೆ ಒಗೆಯುತ್ತಾರೆ, ಊರಿಗೆ ಫೋನ್ ಮಾಡುತ್ತಾರೆ, ಬಿರಿಯಾನಿ ತಿಂದು ಮಲಗುತ್ತಾರೆ. ನಮ್ಮ ಕಾಲೇಜಿನವರು ಮಾತ್ರ ಫುಟ್‌ಬಾಲ್ ಸೋಲಲು ಹೋಗುತ್ತಾರೆ. ಹೋದಮೇಲೆ ಏನಾದರೊಂದು ಆಗದೆ ಇರುವುದಿಲ್ಲ.

ನಾನು ಆಡುವವಳಲ್ಲ. ಮಿರ್ಕಾಬ್‌ನ ಒಂದು ಆಫೀಸಿನಲ್ಲಿ ಕೆಲಸ. ಕರಾವಳಿಯ ಒಂದು ಕಾಲೇಜಿನಲ್ಲಿ ಓದಿದ ತಪ್ಪಿಗೆ ಅದರ ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದೇನೆ. ಊರಿನ ಬೇರೆ ಬೇರೆ ಕಾಲೇಜುಗಳ ಹಳಬರು ಸೇರಿ ಚಳಿಗಾಲದಲ್ಲಿ ಶುಕ್ರವಾರದ ಟೂರ್ನಮೆಂಟ್ ನಡೆಸುತ್ತಾರೆ. ಅದರಲ್ಲಿ ನಮ್ಮದೂ ಒಂದು ತಂಡ. ತಂಡಕ್ಕೊಬ್ಬರು ಕೋಚ್.

ಕೋಚ್ ಸರ್ ಕಾಲೇಜಿನಲ್ಲಿ ಬದಲಿ ಗೋಲ್‌ಕೀಪರ್ ಆಗಿದ್ದವರು. ಒಮ್ಮೆಯೂ ಮೈದಾನಕ್ಕೆ ಇಳಿಯಲಿಲ್ಲವಂತೆ. ಆಟವನ್ನು ಹೊರಗಿನಿಂದ ನೋಡಿ ಅಭ್ಯಾಸ ಇರುವುದು ತನಗೊಬ್ಬನಿಗೇ, ಅದಕ್ಕೇ ಕೋಚ್ ಆಗಲು ತಾನೇ ಸರಿ ಎನ್ನುವುದು ಅವರ ವಾದ. ಮಂಗಫ್‌ನ ಒಂದು ಕಂಪನಿಯಲ್ಲಿ ಕೆಲಸಗಾರರ ಬಸ್ಸು, ವ್ಯಾನುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್. ಬಸ್ ತಡವಾದರೂ ಬೈಗುಳ, ಬೇಗ ಹೊರಟರೂ ಬೈಗುಳ. ಶುಕ್ರವಾರ ಮಾತ್ರ ಕೊರಳಿಗೆ ಸೀಟಿ ನೇತುಹಾಕಿಕೊಂಡು "ಸರ್" ಆಗುತ್ತಾರೆ. ಬಹಳ ಒಳ್ಳೆಯ ಮನುಷ್ಯ. ನಮ್ಮ ಸಮಸ್ಯೆಯೇ ಅದು.

ತಂತ್ರ

ಹೊಳೆಯ ಆಚೆ ದಡದ ಕಾಲೇಜಿನ ತಂಡ ನಮ್ಮ ಪರಮ ಎದುರಾಳಿ. ಒಮ್ಮೆ ಅವರ ವಿರುದ್ಧ ಆಡುವಾಗ ಹಾಫ್ ಟೈಮಿಗೇ ನಾಲ್ಕು ಗೋಲು ತಿಂದಿದ್ದೆವು. ಹುಡುಗರು ಎಂದು ನಾವು ಕರೆಯುವ ನಲವತ್ತು ದಾಟಿದ ಆಟಗಾರರು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಕೋಚ್ ಸರ್ ಕಿತ್ತಳೆ ಹಣ್ಣು ಹಂಚಿ, ಎಲ್ಲರೂ ತಿಂದು ಮುಗಿಸುವವರೆಗೆ ಕಾದು, ಗಂಟಲು ಸರಿ ಮಾಡಿಕೊಂಡರು.

"ನೋಡಿ, ಒಂದೇ ಮಾತು ಹೇಳ್ತೇನೆ. ಚೆಂಡು ನಮ್ಮ ಹತ್ರ ಇದ್ರೆ ಅವ್ರಿಗೆ ಗೋಲ್ ಹೊಡೀಲಿಕ್ಕೆ ಸಾಧ್ಯವೇ ಇಲ್ಲ."

ಎಲ್ಲರೂ ತಲೆಯಾಡಿಸಿದರು. ತಪ್ಪು ಹುಡುಕಲು ಜಾಗವೇ ಇರಲಿಲ್ಲ.

ನಮ್ಮ ಕ್ಯಾಪ್ಟನ್ ಎದ್ದು ಕುಳಿತು ಕೇಳಿದ, "ಸರಿ ಸರ್. ಚೆಂಡು ನಮ್ಮ ಹತ್ರ ಇರ್ಲಿಕ್ಕೆ ಎಂಥ ಮಾಡ್ಬೇಕು?"

ಕೋಚ್ ಸರ್ ಗಡಿಯಾರ ನೋಡಿಕೊಂಡರು. "ಅದು ದೊಡ್ಡ ವಿಷಯ ಮಾರಾಯ. ಮುಂದಿನ ವಾರ ಹೇಳ್ತೇನೆ."

ದೂಳು

ಆ ಸೀಸನ್‌ನಲ್ಲಿ ನಮಗೆ ಸಿಕ್ಕಿದ್ದು ಒಂದೇ ಪಾಯಿಂಟ್. ಅದನ್ನು ಕೊಟ್ಟದ್ದು ದೂಳು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಆಕಾಶ ಕೆಂಪಾಯಿತು. ಇಲ್ಲಿ ದೂಳೆದ್ದರೆ ಎದುರಿಗೆ ನಿಂತವರ ಮೂಗು ಕಾಣುವುದಿಲ್ಲ. ರೆಫರಿ "ಖಲಾಸ್, ಖಲಾಸ್" ಎಂದು ಕೂಗುತ್ತಾ ಓಡಿದರು. ಆಟ ರದ್ದಾಗಿ ಎರಡೂ ತಂಡಕ್ಕೆ ಒಂದೊಂದು ಪಾಯಿಂಟ್ ಹಂಚಿದರು. ವ್ಯಾನಿನೊಳಗೆ ಹಲ್ಲಿನ ಸಂದಿಯ ಮರಳು ಉಗಿಯುತ್ತಾ ಕುಳಿತಿದ್ದಾಗ ಕೋಚ್ ಸರ್ ಕಣ್ಣೊರೆಸಿಕೊಂಡರು. ಮರಳು ಬಿದ್ದಿತ್ತೋ, ಸಂತೋಷವೋ ಗೊತ್ತಾಗಲಿಲ್ಲ.

"ನೋಡಿದ್ರಾ? ಕೊನೆಗೂ ನಮ್ಮ ಡಿಫೆನ್ಸ್ ಸೆಟ್ ಆಯ್ತು" ಎಂದರು.

ಅಲ್ಲಿಂದ ಮುಂದೆ ತಂಡದವರೆಲ್ಲ ಫೋನಿನಲ್ಲಿ ಹವಾಮಾನ ನೋಡತೊಡಗಿದರು. ದೂಳು ಬರುತ್ತದೆ ಎಂದಿದ್ದರೆ ಪೂರ್ತಿ ತಂಡ ಹಾಜರು.

ನಿಷ್ಠೆ

ಸೀಸನ್ ಮುಗಿಯುವಾಗ ಟೂರ್ನಮೆಂಟಿನವರು ಹೇಳಿ ಕಳಿಸಿದರು: ಕೊನೆಯ ಸ್ಥಾನದ ತಂಡಕ್ಕೆ ಮುಂದಿನ ವರ್ಷ ಜಾಗ ಸಿಗುವುದು ಕಷ್ಟ, ಹೊಸ ತಂಡಗಳು ಕಾಯುತ್ತಿವೆ. ಜಾಗ ಹೋದರೆ ತಂಡ ಹೋಯಿತು. ತಂಡ ಹೋದರೆ ನಮಗೆ ಶುಕ್ರವಾರವೇ ಇಲ್ಲ. ನಗುವ ವಿಷಯವಾಗಿರಲಿಲ್ಲ.

ಮೈದಾನದ ಪಕ್ಕದ ಚಹಾ ಅಂಗಡಿಯಲ್ಲಿ ತುರ್ತು ಸಭೆ ಸೇರಿತು. ಕೋಚ್ ಸರ್ ವ್ಯಾನ್ ತರಲು ಹೋಗಿದ್ದರು, ಅಷ್ಟೇ ಸಮಯ ನಮಗೆ ಸಿಕ್ಕಿದ್ದು. "ಕೋಚ್ ಬದಲಾಗದೆ ಉದ್ಧಾರ ಇಲ್ಲ" ಎಂದು ಒಬ್ಬರು. "ಇಷ್ಟು ವರ್ಷ ನಮ್ಮನ್ನು ನಂಬಿ ನಿಂತವರನ್ನು ಬಿಡುವುದು ನಿಯತ್ತಾ?" ಎಂದು ಇನ್ನೊಬ್ಬರು. "ನಿಯತ್ತು ಹಿಡ್ಕೊಂಡು ಗೋಲ್ ಹೊಡೀಲಿಕ್ಕೆ ಆಗ್ತದಾ?" ಎಂದು ಮತ್ತೊಬ್ಬರು. ಸಂಘದ ಅಧ್ಯಕ್ಷರು ಮಾತ್ರ ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಗುಡುಗಿದರು, "ಇವತ್ತೇ, ವ್ಯಾನಿನಲ್ಲೇ, ಮುಖಕ್ಕೆ ಮುಖ ಕೊಟ್ಟು ಹೇಳಿಬಿಡ್ತೇನೆ. ನಂಗೆ ಹೆದರಿಕೆ ಇಲ್ಲ."

ಇಲ್ಲಿ ವ್ಯಾನಿನ ಬಗ್ಗೆ ಒಂದು ಮಾತು. ಕುವೈತ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಸಿಗುವುದೆಂದರೆ ಸುಲಭದ ಮಾತಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿಲ್ಲ. ಅಧ್ಯಕ್ಷರಿಗೆ ಕಾರಿದೆ, ಆದರೆ ಶುಕ್ರವಾರ ಅದು ಅವರ ಹೆಂಡತಿಯ ಕೈಯಲ್ಲಿ. ಕೋಚ್ ಸರ್ ತಮ್ಮ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಅರಬಿ ಮಾಲೀಕನ, ಒಪ್ಪಿಗೆ ಪಡೆದು ಕಂಪನಿಯ ವ್ಯಾನ್ ತರುತ್ತಾರೆ. ಒಬ್ಬೊಬ್ಬರನ್ನೂ ಅವರವರ ಕಟ್ಟಡದ ಬಾಗಿಲಿಗೇ ಇಳಿಸುತ್ತಾರೆ.

ವ್ಯಾನ್ ಹೊರಟಿತು. ಎಲ್ಲರೂ ಅಧ್ಯಕ್ಷರ ಬೆನ್ನು ನೋಡುತ್ತಾ ಕುಳಿತೆವು. ಒಂದು ರೌಂಡ್‌ಅಬೌಟ್ ದಾಟಿತು, ಇನ್ನೊಂದು ದಾಟಿತು. ಅಧ್ಯಕ್ಷರು ಕೆಮ್ಮಿದರು. ಮುಂದಕ್ಕೆ ಬಾಗಿದರು.

"ಸರ್, ನಿಮಗೊಂದು ಮಾತು ಹೇಳ್ಬೇಕು."

"ಹೇಳಿ."

"ಬ್ರೇಕ್ ಹಾಕುವುದು ಅಂದ್ರೆ ನಿಮ್ಮ ಹಾಗೆ ಹಾಕ್ಬೇಕು ಮಾರಾಯ್ರೆ. ಗೊತ್ತೇ ಆಗುವುದಿಲ್ಲ."

ನಮ್ಮ ಮನೆಯ ಅಭಿಮಾನಿ

ನನ್ನ ಗಂಡ ಹೊಳೆಯ ಆಚೆ ದಡದ ಕಾಲೇಜಿನವರು. ಮದುವೆಗೆ ಮುಂಚೆ ಜಾತಕ ನೋಡಿದರು, ಗೋತ್ರ ನೋಡಿದರು, ಕಾಲೇಜು ನೋಡಲಿಲ್ಲ. ಈಗ ಅವರು ಆ ತಂಡದ ಮ್ಯಾನೇಜರ್. ಶುಕ್ರವಾರ ಒಂದೇ ಮನೆಯಿಂದ ಎರಡು ಬಣ್ಣದ ಜರ್ಸಿ ಹಾಕಿಕೊಂಡು ಬೇರೆ ಬೇರೆ ಲಿಫ್ಟಿನಲ್ಲಿ ಇಳಿಯುತ್ತೇವೆ.

ಸಭೆಯ ಸುದ್ದಿ ಕೇಳಿ ಅವರ ಮುಖ ಬಿಳಿಚಿಕೊಂಡಿತು. "ಬೇಡ ಮಾರಾಯ್ತಿ. ಅವರನ್ನು ಮಾತ್ರ ತೆಗೀಬೇಡಿ. ಅಂಥ ಕೋಚ್ ಈ ಕುವೈತ್‌ನಲ್ಲಿ ಸಿಗುವುದಿಲ್ಲ."

"ನಿಮಗ್ಯಾಕೆ ಇಷ್ಟು ಚಿಂತೆ?"

"ಒಬ್ಬ ಮನುಷ್ಯನಿಗೆ ಸಮಯ ಕೊಡ್ಬೇಕು. ಒಂದು ಹತ್ತು ವರ್ಷ ಆದ್ರೂ ಕೊಡಿ" ಎಂದು ಎದ್ದು ಹೋಗಿ ನನಗೆ ಚಹಾ ಮಾಡಿಕೊಂಡು ಬಂದರು.

ಪಕ್ಕದಲ್ಲಿ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಮ್ಮಾ, ವೈ ಡೋಂಟ್ ಯು ಜಸ್ಟ್ ಟೆಲ್ ಹಿಮ್?"

ನಾನೂ ಗಂಡನೂ ಅವಳನ್ನು ಒಟ್ಟಿಗೇ ನೋಡಿದೆವು. ಆ ಮನೆಯಲ್ಲಿ ನಮ್ಮಿಬ್ಬರಿಗೆ ಒಮ್ಮತವಾದದ್ದು ಅಂದೇ. ಈ ಮಗುವನ್ನು ಆಗಾಗ ಊರಿಗೆ ಕರೆದುಕೊಂಡು ಹೋಗಬೇಕು, ಏನೂ ಕಲಿತಿಲ್ಲ.

ಸನ್ಮಾನ

ಕೊನೆಗೆ ಹೊಸ ಕೋಚ್ ಒಬ್ಬರು ಸಿಕ್ಕರು. ನಮ್ಮ ಕಾಲೇಜಿನವರೇ, ಇತ್ತೀಚೆಗೆ ಕುವೈತ್‌ಗೆ ಬಂದವರು, ಆಟ ನಿಜವಾಗಿಯೂ ಗೊತ್ತಿದ್ದವರು. ಅವರದು ಒಂದೇ ಶರತ್ತು: "ಮೊದಲಿನವರಿಗೆ ನೀವೇ ಸರಿಯಾಗಿ ಹೇಳಿರಬೇಕು." ಅಧ್ಯಕ್ಷರು ನನ್ನನ್ನು ನೋಡಿದರು, ನಾನು ಕ್ಯಾಪ್ಟನ್‌ನನ್ನು ನೋಡಿದೆ, ಕ್ಯಾಪ್ಟನ್ ಫೋನ್ ನೋಡಿದ.

ಆಗ ಅಧ್ಯಕ್ಷರಿಗೇ ಹೊಳೆಯಿತು. "ಹೇಳುವುದು ಯಾಕೆ? ಸನ್ಮಾನ ಮಾಡುವ. ಶಾಲು ಹೊದಿಸಿದ ಕೂಡ್ಲೆ ಮನುಷ್ಯನಿಗೆ ಅರ್ಥ ಆಗ್ತದೆ."

ನಮಗೆಲ್ಲ ಸಮಾಧಾನವಾಯಿತು. ನಮ್ಮ ಕಡೆ ಸಂಘ ಎಂದರೆ ಸನ್ಮಾನ. ನಿವೃತ್ತರಾದವರಿಗೆ ಶಾಲು, ವರ್ಗವಾದವರಿಗೆ ಶಾಲು, ಊರಿಗೆ ವಾಪಸು ಹೋಗುವವರಿಗೆ ಶಾಲು. ಒಬ್ಬರ ಹೆಗಲ ಮೇಲೆ ಶಾಲು ಬಿತ್ತೆಂದರೆ ಅವರ ಕೆಲಸ ಮುಗಿಯಿತೆಂದೇ ಲೆಕ್ಕ. ಕೋಚ್ ಸರ್ ಕೂಡ ಇದನ್ನೆಲ್ಲ ನೋಡಿಕೊಂಡೇ ಬೆಳೆದವರು. ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಮಂಗಫ್‌ನಲ್ಲಿ ಒಂದು ಹಾಲ್ ಹಿಡಿದೆವು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಎಲ್ಲವೂ ಕ್ರಮಪ್ರಕಾರ. ಎದುರಾಳಿ ತಂಡಗಳ ಮ್ಯಾನೇಜರ್‌ಗಳೂ ಬಂದಿದ್ದರು. ನನ್ನ ಗಂಡ ಮುಂದಿನ ಸಾಲಿನಲ್ಲಿ, ಸಾವಿನ ಮನೆಗೆ ಬಂದವರಂತೆ ಕುಳಿತಿದ್ದರು. ಹೊಸ ಕೋಚನ್ನು ಅತಿಥಿ ಎಂದು ವೇದಿಕೆಯ ಮೇಲೆ ಕೂರಿಸಿದೆವು. ಕೋಚ್ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಡುವಿನ ಕುರ್ಚಿಯಲ್ಲಿ, ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು.

ನಮ್ಮಲ್ಲಿ ಸನ್ಮಾನದ ಭಾಷಣಕ್ಕೆ ಒಂದು ಗತಿ ಇದೆ, ಅದು ಒಮ್ಮೆ ಹೊರಟರೆ ಯಾರೂ ನಿಲ್ಲಿಸಲಾರರು. ಅಧ್ಯಕ್ಷರು "ಎಲ್ಲಕ್ಕೂ ಒಂದು ಕೊನೆ ಇದೆ" ಎಂದು ಶುರು ಮಾಡಿದರು. ಎರಡನೆಯ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಅಷ್ಟೇ, ಹಿಡಿತ ತಪ್ಪಿತು. ಇವರು ನಮ್ಮ ಬೆನ್ನೆಲುಬು ಎಂದರು. ಇವರಿಲ್ಲದ ತಂಡವನ್ನು ಊಹಿಸಲೂ ಆಗದು ಎಂದರು. ಇಂಥವರನ್ನು ಪಡೆಯಲು ಪುಣ್ಯ ಬೇಕು ಎಂದರು. ಸನ್ಮಾನ ಪತ್ರ ಓದಬೇಕಾದವಳು ನಾನು. ಅರ್ಧದಲ್ಲಿ ನನಗೆ ಆ ಕಿತ್ತಳೆ ಹಣ್ಣುಗಳು ನೆನಪಾದವು, ಮನೆ ಮನೆಗೆ ಇಳಿಸಿದ್ದು ನೆನಪಾಯಿತು. ಅತ್ತುಬಿಟ್ಟೆ. ಸುಳ್ಳಿಗೆ ಅತ್ತದ್ದಲ್ಲ, ನಿಜವಾಗಿ ಅತ್ತದ್ದು.

ಕೋಚ್ ಸರ್‌ಗೆ ಶಾಲು ಹೊದಿಸಿ ಬಂದು ಕುಳಿತ ಹೊಸ ಕೋಚ್ ನನ್ನ ಕಿವಿಯ ಹತ್ತಿರ ಬಾಗಿದರು. "ಮೇಡಂ, ಇಷ್ಟು ಒಳ್ಳೆ ಕೋಚನ್ನು ನೀವು ತೆಗೆಯುವುದು ಯಾಕೆ?"

ಆಮೇಲೆ ಕೋಚ್ ಸರ್ ಎದ್ದು ನಿಂತರು. ಪೇಟ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ. ಮಂಗಫ್‌ನ ಮಕ್ಕಳ ತಂಡದವರು ನನ್ನನ್ನು ಕೋಚ್ ಆಗಿ ಬನ್ನಿ ಅಂತ ಕರೀತಿದ್ದಾರೆ. ಹೋಗುವುದು ಅಂತಲೇ ತೀರ್ಮಾನ ಮಾಡಿದ್ದೆ. ನಿಮಗೆ ಹೇಗೆ ಹೇಳುವುದು ಅಂತ ಗೊತ್ತಾಗದೆ ಸರಿಯಾಗಿ ನಿದ್ದೆ ಇಲ್ಲ."

ಅಧ್ಯಕ್ಷರ ಮುಖದಲ್ಲಿ ನಾನು ಅಷ್ಟು ಬೆಳಕನ್ನು ಹಿಂದೆಂದೂ ಕಂಡಿರಲಿಲ್ಲ.

"ಆದ್ರೆ ಇವತ್ತು ನಿಮ್ಮ ಪ್ರೀತಿ ನೋಡಿದೆ. ಇಷ್ಟು ಪ್ರೀತಿ ಬಿಟ್ಟು ಹೋದ್ರೆ ನಾನು ಮನುಷ್ಯನಾ? ಇನ್ನು ಈ ದೇಶದಲ್ಲಿ ಇರ್ಲಿಕ್ಕೆ ನನ್ನ ಇಕಾಮಾ ಇರುವಷ್ಟು ವರ್ಷ ನಿಮ್ಮನ್ನು ಬಿಡುವುದಿಲ್ಲ. ಚೆಂಡು ನಮ್ಮ ಹತ್ರ ಇರ್ಲಿಕ್ಕೆ ಎಂಥ ಮಾಡ್ಬೇಕು ಅಂತ ಕ್ಯಾಪ್ಟನ್ ಕೇಳಿದ್ದ. ಮುಂದಿನ ವಾರ ಖಂಡಿತ ಹೇಳ್ತೇನೆ."

ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನನ್ನ ಗಂಡ. ಆಮೇಲೆ ಎಲ್ಲ ಎದುರಾಳಿ ಮ್ಯಾನೇಜರ್‌ಗಳು. ಆಮೇಲೆ ಗತಿಯಿಲ್ಲದೆ ನಾವು.

ಮನೆಗೆ ಹೋಗಲು ಎಲ್ಲರೂ ಅದೇ ವ್ಯಾನ್ ಹತ್ತಿದೆವು, ಹೊಸ ಕೋಚ್ ಕೂಡ. ಲೈಸೆನ್ಸ್ ಅವರಿಗೂ ಇನ್ನೂ ಆಗಿರಲಿಲ್ಲ. ದಾರಿಯಲ್ಲಿ ಕೋಚ್ ಸರ್ ಕನ್ನಡಿಯಲ್ಲಿ ಅವರನ್ನು ನೋಡಿ, "ಆ ಮಕ್ಕಳ ತಂಡಕ್ಕೆ ಒಬ್ರು ಬೇಕಲ್ವಾ, ನಿಮ್ಮ ಹೆಸರು ಹೇಳ್ಲಾ?" ಎಂದು ಕೇಳಿದರು. ಅವರು ಅಲ್ಲೇ ಒಪ್ಪಿಕೊಂಡರು. ಈಗ ಆ ಮಕ್ಕಳು ಚೆನ್ನಾಗಿ ಆಡುತ್ತಿದ್ದಾರಂತೆ.

ಉಳಿದದ್ದು ನಮ್ಮ ತಂಡದ ಗತಿ. ಟೂರ್ನಮೆಂಟಿನ ಸಭೆಗೆ ಹೋಗಿದ್ದ ಗಂಡ ಸಂಜೆ ನಗುತ್ತಾ ಬಂದರು. "ನಿಮ್ಮ ತಂಡ ಉಳೀತು. ನಿಮ್ಮನ್ನು ತೆಗೀಬಾರದು ಅಂತ ಎಲ್ಲ ತಂಡದವರೂ ಒಂದೇ ಸ್ವರದಲ್ಲಿ ಹೇಳಿದೆವು. ಖಾತ್ರಿಯಾಗಿ ಗೆಲ್ಲುವ ಮ್ಯಾಚ್ ಯಾರಿಗೆ ಬೇಡ? ಒಂದೇ ಶರತ್ತು. ಕೋಚ್ ಬದಲಾಗಬಾರದು."

ನಾನು ಕೋಚ್ ಸರ್‌ಗೆ ಫೋನ್ ಮಾಡಿ ಶರತ್ತನ್ನು ಮಾತ್ರ ತಿಳಿಸಿದೆ. ಅವರು ತುಂಬಿಬಂದ ದನಿಯಲ್ಲಿ ಹೇಳಿದರು:

"ನೋಡಿ ಅಕ್ಕಾ, ನೀವು ಸನ್ಮಾನ ಮಾಡಿದ್ದೇ ಮಾಡಿದ್ದು, ಎಲ್ಲ ತಂಡದವ್ರಿಗೂ ನಾನು ಬೇಕಾಗಿಬಿಟ್ಟೆ."