ಬರಿಗಾಲಿನ ಕಪ್ತಾನ

ಸಂಗೀತ ನಾಟಕ ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ಹಾರ್ಮೋನಿಯಂ ಬರುತ್ತದೆ, ಪ್ರಾಸ ಬರುತ್ತದೆ, ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿದ ಗಂಟಲಿದೆ. ಇನ್ನೇನು ಬೇಕು? ಬುದ್ಧಿ ಬೇಕು ಎಂದು ಹೆಂಡತಿ ಶಾಲಿನಿ ಆಗಲೇ ಹೇಳಿದ್ದಳು. ಅದನ್ನು ವಿಮರ್ಶೆಯೆಂದು ತಿಳಿದು ತಳ್ಳಿಹಾಕಿದೆ.

ಕಥೆ ಇಷ್ಟೆ: ಹಡಗಿನ ಕಪ್ತಾನನ ಮಗಳು ಅದೇ ಹಡಗಿನಲ್ಲಿ ಹಗ್ಗ ಎಳೆಯುವ ಬಡ ಖಲಾಶಿಯನ್ನು ಪ್ರೀತಿಸುತ್ತಾಳೆ. ಕಪ್ತಾನ ಕೆಂಡವಾಗುತ್ತಾನೆ. ಹದಿಮೂರು ಹಾಡುಗಳಾದ ಮೇಲೆ 'ಕಡಲಿನಲ್ಲಿ ಎಲ್ಲರೂ ಸಮಾನರು' ಎಂದು ಜ್ಞಾನೋದಯವಾಗಿ ಮಗಳನ್ನು ಕೊಡುತ್ತಾನೆ. ಇಂಥ ಕ್ರಾಂತಿಕಾರಿ ನಾಟಕ ನಮ್ಮ ಸದಾಶಿವಗಡದಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎರಡನೆಯ ಮಾತು ನಿಜವಾಯಿತು.

ಮಳೆಗಾಲ, ಮೀನುಗಾರಿಕೆ ಬಂದ್. ಬೋಟುಗಳು ದಡದಲ್ಲಿ, ಖಲಾಶಿಗಳು ಮನೆಯಲ್ಲಿ. ಹಾಡಬಲ್ಲ ಆರು ಮಂದಿಯನ್ನು ಹಿಡಿದು ತಂದೆ. ಅವರಲ್ಲಿ ಮಾಜಾಳಿಯ ದಾಮೋದರನಿಗೆ ಒಳ್ಳೆಯ ಕಂಠ. ಅವನೇ ನಾಯಕ. ನಾಯಕಿಯಾಗಲು ಯಾರೂ ತಮ್ಮ ಮನೆಯ ಹುಡುಗಿಯನ್ನು ಕಳಿಸಲಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಸುನೀತಾಳನ್ನೇ ನಿಲ್ಲಿಸಿದೆ. ಕಪ್ತಾನ ನಾನೇ! ಬೋಟುಗಳ ಧಣಿ ಗಣಪತಿ ಸಾವಕಾರರು ತಮ್ಮ ಹಳೆಯ ದೋಣಿಯೊಂದನ್ನು ಶಾಲೆಯ ರಂಗಮಂಚಕ್ಕೆ ಹೊರಿಸಿಕೊಟ್ಟರು.

ಮೊದಲ ತಾಲೀಮಿನ ದಿನ, ಕಾರವಾರದಿಂದ ಬಾಡಿಗೆಗೆ ತಂದ ಮೊಣಕಾಲುದ್ದದ ಬೂಟು ತೊಟ್ಟು ಗತ್ತಿನಿಂದ ದೋಣಿ ಹತ್ತಿದೆ. ಹಾಡು ನಿಂತಿತು.

"ಮಾಸ್ತರ್ರೇ, ಇಳೀರಿ ಕೆಳಗೆ!" ದಾಮೋದರ ಕೂಗಿದ.

"ಎಂತಕ್ಕೆ?"

"ದೋಣಿ ಮೇಲೆ ಬೂಟು ಹಾಕಂಡು ಹತ್ತೂದಾ? ಅದು ನಮ್ಗೆ ತಾಯಿ ಅಲ್ದಾ?"

"ಇದು ಹಡಗು ಮಾರಾಯಾ! ನಾನು ಕಪ್ತಾನ!"

"ಹಡಗು ನಿಮ್ ಪುಸ್ತಕದಲ್ಲಿ. ಇಲ್ಲಿರೂದು ದೋಣಿ."

ಅಂಕೋಲೆಯ ಕಡಲ ದಂಡೆಯಲ್ಲೇ ಹುಟ್ಟಿದ ನನಗೆ ಅಷ್ಟೂ ಹೊಳೆದಿರಲಿಲ್ಲ! ತೆಂಗಿನಕಾಯಿ ಒಡೆಸಿ, ದೋಣಿಗೆ ಕೈಮುಗಿದು ತಪ್ಪೊಪ್ಪಿಕೊಂಡೆ. ಅಂದಿನಿಂದ ಕಪ್ತಾನನ ಮೇಲರ್ಧ ಜರಿ ಕೋಟು, ಕೆಳಗರ್ಧ ಬರಿಗಾಲು.

ಆಮೇಲೆ ಸಾವಕಾರರು ಬಂದರು. "ಖಲಾಶಿಗೆ ಹುಡುಗಿ ಕೊಡೂದಾ? ನಾಳೆ ನನ್ ಬೋಟಿನವ್ರು ನನ್ ಮನೆಗೇ ಬಂದು ಕೇಳ್ತಾರೆ! ಅವ ದೊಡ್ಡ ಮನೆತನದ ಕಳೆದುಹೋದ ಮಗ ಅಂತ ಮಾಡಿ. ಇಲ್ದಿದ್ರೆ ದೋಣಿ ವಾಪಸ್ ಕಳ್ಸಿ."

"ಆಗ್ಲಿ" ಎಂದೆ.

ಸುದ್ದಿ ತಿಳಿದು ಖಲಾಶಿಗಳು ಬಂದರು. "ಖಲಾಶಿ ಖಲಾಶಿಯಾಗೇ ಇರ್ಬೇಕು. ಇಲ್ದಿದ್ರೆ ನಾವು ಹಾಡೂದಿಲ್ಲ."

"ಆಗ್ಲಿ" ಎಂದೆ.

"ಎರಡು ದೋಣಿ ಮೇಲೆ ಕಾಲಿಟ್ರಿ" ಎಂದಳು ಶಾಲಿನಿ. "ಅದೂ ಬರಿಗಾಲಲ್ಲಿ!"

ನಾಟಕದ ಸಂಜೆ ಬಂತು. ಮುಂದಿನ ಕುರ್ಚಿಯಲ್ಲಿ ಸಾವಕಾರರು, ಪಕ್ಕದಲ್ಲಿ ಅಂಕೋಲೆಯಿಂದ ಬಂದ ನನ್ನ ಭಾವಂದಿರು, ಹಿಂದೆ ಚಾಪೆಗಳ ಮೇಲೆ ಖಲಾಶಿಗಳ ಮನೆಮಂದಿ. ಹದಿಮೂರು ಹಾಡುಗಳು ದಡ ಮುಟ್ಟಿದವು. ಯಾರ ಪಕ್ಷವೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ದಾಮೋದರ ಮಂಡಿಯೂರಿದ. "ಕಪ್ತಾನರೇ, ಖಲಾಶಿಯಾಗಿಯೇ ಕೇಳುತ್ತಿದ್ದೇನೆ. ನಿಮ್ಮ ಮಗಳನ್ನು ನನಗೆ ಕೊಡಿ!"

ನಾನೇ ಬರೆದ ಉತ್ತರ: "ಕೊಟ್ಟೆ, ಕಡಲೇ ಸಾಕ್ಷಿ!" ಮೂರೇ ಪದ.

ಬಾಯಿ ತೆರೆದೆ. ಸಾವಕಾರರ ಜೇಬಿನಲ್ಲಿ ಹೊಸ ಮೊಬೈಲು ಹಾಡತೊಡಗಿತು. ಆದರೆ ನಾನು ಅವರನ್ನು ನೋಡುತ್ತಿರಲಿಲ್ಲ. ಸುನೀತಾ ದಾಮೋದರನನ್ನು ನೋಡುತ್ತಿದ್ದಳು. ಹಾಗೆ ನೋಡಲು ನಾನು ಕಲಿಸಿರಲಿಲ್ಲ! ಪ್ರೇಕ್ಷಕರನ್ನು ನೋಡು ಎಂದು ಎಷ್ಟು ಸಲ ಹೇಳಿದ್ದೆ! ಇದು ನಟನೆಯೋ, ನಿಜವೋ? ಹಗ್ಗ ಎಳೆದು ಒಡೆದ ಅವನ ಅಂಗೈ ನೋಡಿದೆ, ಭಾವಂದಿರ ಮುಖ ನೋಡಿದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಕೊಟ್ಟೆ ಅನ್ನಿ" ಎಂದು ಪರದೆಯ ಬದಿಯಿಂದ ಶಾಲಿನಿ ಪಿಸುಗುಟ್ಟಿದಳು. ಅವಳೇ ನಮ್ಮ ಪ್ರಾಂಪ್ಟರು.

ನಾನು ಅನ್ನಲಿಲ್ಲ.

"ಕೊಟ್ಟೆ ಅನ್ನಿ ಮಾರಾಯ್ರೇ!" ಇದು ಕೊನೆಯ ಚಾಪೆಗೂ ಕೇಳಿಸಿತು.

ಏಳು ಸಮುದ್ರ ದಾಟಿದ ಕಪ್ತಾನ ಕೊನೆಗೆ ಹೇಳಿದ: "ಮನೇಲಿ ಕೇಳಿ ಹೇಳ್ತೆ."

ಜನ ಬಿದ್ದು ಬಿದ್ದು ನಕ್ಕರು! ಶಾಲಿನಿಗೆ ತಡೆಯಲಾಗಲಿಲ್ಲ. ನಾಟಕದ ಪುಸ್ತಕ ಹಿಡಿದೇ ರಂಗಕ್ಕೆ ಬಂದು, ದೋಣಿ ಹತ್ತಿ, ಇಬ್ಬರ ಕೈ ಸೇರಿಸಿದಳು. "ಮನೇಲಿ ಕೇಳಾಯ್ತು. ಕೊಟ್ಟೆವು!" ಶಿಳ್ಳೆಯೋ ಶಿಳ್ಳೆ! ಸಾವಕಾರರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ಹಾಡನ್ನು ಎಲ್ಲರೂ ಸೇರಿ ಹಾಡಿದರು. ಕಪ್ತಾನನನ್ನು ಯಾರೂ ಕರೆಯಲಿಲ್ಲ.

ಮನೆಯ ದಾರಿಯಲ್ಲಿ ಸುನೀತಾ ಇನ್ನೂ ನಗುತ್ತಿದ್ದಳು. "ಎಂತಾ ಅಪ್ಪಾ, ಅಷ್ಟು ಸಣ್ಣ ಡೈಲಾಗು ಮರ್ತೋಯ್ತಾ? ದಾಮೋದರಣ್ಣನ ಹೆಂಡ್ತಿ ಎಷ್ಟು ನಗಾಡಿದ್ಲು ಗೊತ್ತಾ? ಮಗು ಎತ್ಕಂಡು ಚಾಪೆ ಮೇಲೇ ಕೂತಿದ್ಲು."

ಅವನಿಗೆ ಹೆಂಡತಿ! ಮಗು! ಎರಡು ತಿಂಗಳು ದಿನವೂ ಜೊತೆಗೆ ಹಾಡಿದವನನ್ನು, ಮನೆಯಲ್ಲಿ ಯಾರಿದ್ದಾರಪ್ಪಾ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸಮಾನತೆಯ ಬಗ್ಗೆ ಹಾಡು ಬರೆಯುವ ಗಡಿಬಿಡಿಯಲ್ಲಿ ಪುರುಸೊತ್ತಾಗಿರಲಿಲ್ಲ.

ಸುನೀತಾ ಮುಂದೆ ಹೋದ ಮೇಲೆ ಶಾಲಿನಿ ಮೆಲ್ಲಗೆ ಕೇಳಿದಳು. "ಖರೇ ಹೇಳಿ, ಯಾರಿಗೆ ಹೆದರಿ ಸುಮ್ನಾದ್ರಿ?"

"ಸಾವಕಾರರಿಗೆ" ಎಂದೆ.

ಅಂದು ತಡವರಿಸದೆ ಹೇಳಿದ ಡೈಲಾಗು ಅದೊಂದೇ!