ಒಗ್ಗರಣೆಗೆ ಒಂದು ಬಕೆಟ್ ನೀರು

ಹೆದರಿದವರ ಮನೆಗೇ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಗೆ ತಪ್ಪದೆ ಬರುತ್ತಿದ್ದವು.

ಮುಂಬಯಿ ಹತ್ತಿರ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿ ನನ್ನದು. ಮನೆಯಲ್ಲಿ ಒಲೆಯ ಮುಂದೆ ಹೆಂಡತಿಯ ಸೆರಗಿಗೆ ಬೆಂಕಿ ಹಿಡಿಯಿತು. ಹೋದಳು. ಅದಕ್ಕಿಂತ ಹೆಚ್ಚು ಬರೆಯಲು ನನಗಾಗುವುದಿಲ್ಲ. ಎಂಟು ವರ್ಷದ ಮಗಳು ಆಮೇಲೆ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಹೋಟೆಲಿನ ಡಬ್ಬಿಯೇ ಊಟ. ನನಗೂ ಆ ಒಲೆ ಕಂಡರೆ ಹೆದರಿಕೆ. ಅವಳಿಗೆ ಹೇಳಿರಲಿಲ್ಲ.

ದೀಪ

ದೇವರ ದೀಪವನ್ನೂ ಊದಿ ಆರಿಸಿದಳು. "ಪಪ್ಪಾ, ಬ್ಯಾಟರಿ ಇಡು." ಇಟ್ಟೆ.

ಪಕ್ಕದ ಮನೆಯ ಮರಾಠಿ ಅಜ್ಜಿ ಬಂದು ನೋಡಿದರು. "ಏನಪ್ಪಾ, ದೇವರಿಗೆ ಮಾತ್ರ ಲೈಟ್ ಹೋಗಿದೆಯಾ?"

ಹುಣಸೆಹಣ್ಣು

ಹೋಟೆಲಿನ ಧಣಿಗಳು ಹೇಳಿದರು, "ಠಾಣೆ ಊರಲ್ಲಿ ಬೆಂಕಿ ಆರಿಸುವವರ ಹಳೇ ಸಾಮಾನೆಲ್ಲ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಮಗುವಿಗೆ ತೋರಿಸು ಮಾರಾಯ, ಧೈರ್ಯ ಬರ್ತದೆ."

ಹೋದೆವು. ಬೆಂಕಿ ಆರಿಸುವ ಹಳೆಯ ಬಂಬಿನ ಗಾಡಿಗೆ ಹಾರ, ಕುಂಕುಮ. ನಾನು ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದೆ. ಒಳಗೊಂದು ಹಿತ್ತಾಳೆ ಪಂಪು, ನಮ್ಮ ಕಾಫಿ ಬಾಯ್ಲರಿನಷ್ಟೇ ದೊಡ್ಡದು. ಕಿಲುಬು ಹಿಡಿದಿತ್ತು. ಕೈ ಸುಮ್ಮನಿರಲಿಲ್ಲ. ಕರವಸ್ತ್ರದಿಂದ ತಿಕ್ಕತೊಡಗಿದೆ.

"ಓ ಅಂಕಲ್, ಹಾಥ್ ಮತ್ ಲಗಾವ್!" ಕಾವಲಿನ ಮುದುಕ ಓಡಿಬಂದ. ಅವನೂ ಹಿಂದೆ ಬೆಂಕಿ ಆರಿಸಿದವನೇ.

"ಸ್ವಲ್ಪ ಹುಣಸೆಹಣ್ಣು ಸಿಗಬಹುದಾ ಸಾಹೇಬ್?" ಎಂದೆ.

"ಜನ ನನ್ನ ಹತ್ತಿರ ನೀರು ಕೇಳಿದ್ದುಂಟು," ಎಂದ. "ಹುಣಸೆಹಣ್ಣು ಇದೇ ಮೊದಲು."

ಗಂಟೆ

ಹಿಂದೆಲ್ಲ ಜನ ಸಾಲಾಗಿ ನಿಂತು ಬಕೆಟ್ ದಾಟಿಸುತ್ತಿದ್ದರು ಎಂದು ಅವನು ಮಗಳಿಗೆ ಹೇಳಿದ. ಆಮೇಲೆ ಬೆಂಕಿಯ ಗಂಟೆ ಬಾರಿಸಲು ಬಿಟ್ಟ.

ಢಣಢಣ ಅಂದದ್ದೇ ತಡ, ನಾನು ಗೇಟಿನಲ್ಲಿದ್ದೆ. ಕೈಯಲ್ಲಿ ಎರಡೂ ಚಪ್ಪಲಿ.

ಮುದುಕ ಮಗಳ ಕೈ ಹಿಡಿದು ತಂದ. "ಚಪ್ಪಲಿ ಬಚಾಯಾ, ಬೇಟಿ ಭೂಲ್ ಗಯಾ!"

ಮಗಳು ನಗಲಿಲ್ಲ. ಲೋಕಲ್ ಟ್ರೇನಿನಲ್ಲಿ ಕೇಳಿದಳು, "ಪಪ್ಪಾ, ನಿಂಗೂ ಡರ್ ಇದೆ?"

"ಹೂಂ."

ಕಲ್ವಾ ಸ್ಟೇಷನ್ ದಾಟಿದ ಮೇಲೆ ಹೇಳಿದಳು, "ಹಾಗಾದ್ರೆ ನಾನು ಬಕೆಟ್ ಹಿಡೀತೀನಿ."

ಒಗ್ಗರಣೆ

ಮರುದಿನ ಬೆಳಿಗ್ಗೆ ಅರ್ಧ ಬಕೆಟ್ ನೀರು ಹಿಡಿದು ನನ್ನ ಹಿಂದೆ ಸ್ಟೂಲ್ ಹತ್ತಿದಳು. "ಅಬ್ ಹಚ್ಚು."

ಹೋಟೆಲಿನಲ್ಲಿ ಮಾಡುವ ಹಾಗೆ ಒಲೆಗೆ ಕೈಮುಗಿದೆ. ಮೂರನೇ ಕಡ್ಡಿಗೆ ಹೊತ್ತಿತು. ಬೇಳೆ ಬೆಂದಿತು. ಸಾರಿಗೆ ಒಗ್ಗರಣೆ ಇಟ್ಟು, ಇಳಿಸಿ ಪಾತ್ರೆಗೆ ಸುರಿದೆ. ಚೊಂಯ್ ಎಂದಿತು.

ಬಕೆಟಿನ ನೀರು ಪೂರ್ತಿ ನನ್ನ ತಲೆಯ ಮೇಲೆ ಬಂತು. ಒಲೆ ಆರಿತು. ಸಾರು ಪಾತ್ರೆಯ ಕಂಠದವರೆಗೆ ಬಂತು.

ಮಗಳು ನನ್ನ ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದಳು. "ಜಲಾ ನಹೀಂ ನಾ? ಸುಡ್ಲಿಲ್ಲ ಅಲ್ವಾ?"

"ಇಲ್ಲ ಮಗಾ."

ಬಕೆಟ್ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗಿಟ್ಟಳು.

"ರುಕೋ ಪಪ್ಪಾ. ಇದು ತುಂಬಲಿ. ಆಮೇಲೆ ಇನ್ನೊಂದ್ಸಲ ಹಚ್ಚು."