ಕ್ಲಚ್ಚಿನ ಕೆಳಗಿನ ಕಿಚ್ಚು

“ಮುಂದಿನ ಭಾನುವಾರದೊಳಗೆ ಈ ಕಾರಿನ ಕಾಯಿಲೆ ಏನು ಅಂತ ನಾನು ಕಂಡುಹಿಡೀದೇ ಹೋದ್ರೆ, ಕೀ ನಿನ್ನ ಕೈಗೆ ಕೊಟ್ಟು ಬಸ್ಸು ಹತ್ತೀನಿ! ಬರೆದಿಟ್ಕೋ!”

ವಿಜ್ಞಾನದ ಮೇಷ್ಟ್ರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಅವರ ಒಂದು ಕಾಲು ಅಂಗಳದಲ್ಲಿತ್ತು, ಇನ್ನೊಂದು ಕಾಲು ಕ್ಲಚ್ಚಿನ ಮೇಲಿತ್ತು. ಬರೆದಿಟ್ಟುಕೊಳ್ಳಬೇಕಾದ ಹೆಂಡತಿಯ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು. ಬೀದಿಗೆಲ್ಲ ಟೈಲರಮ್ಮ ಎಂದೇ ಪರಿಚಿತರಾದ ಅವರು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತ ಬಾಗಿಲಲ್ಲಿ ನಿಂತಿದ್ದರು. ಸೂಜಿಗಳನ್ನು ಒಂದೊಂದಾಗಿ ತೆಗೆದು, “ಬರೆಯೋದು ನಿಮ್ಮ ಕೆಲಸ ಅಲ್ವೇನ್ರೀ? ನಾನು ಹೊಲಿದಿಟ್ಕೋತೀನಿ ಬಿಡಿ,” ಎಂದರು.

ಕಾರಿಗೆ ಹತ್ತೊಂಬತ್ತು ವರ್ಷ. ಅದು ಟೈಲರಮ್ಮನ ಅಪ್ಪನದು. ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಾಗ ಅವರು ಕೀಯನ್ನು ಮಗಳ ಕೈಗಿಟ್ಟಿದ್ದರು. ಮಗಳ ಕೈಯಿಂದ ಅಳಿಯನ ಜೇಬಿಗೆ ಇಳಿಯಲು ಅದಕ್ಕೆ ಹಿಡಿದದ್ದು ನಾಲ್ಕೇ ನಿಮಿಷ! ಆಮೇಲೆ ಹನ್ನೊಂದು ವರ್ಷ ಅಲ್ಲೇ ಸಂಸಾರ ಹೂಡಿತ್ತು. ಹೊಲಿದ ಬಟ್ಟೆಯ ಗಂಟುಗಳನ್ನು ಅಂಗಡಿಗಳಿಗೆ ಮುಟ್ಟಿಸಲು ಶನಿವಾರ ಬೆಳಗ್ಗೆ ಮಾತ್ರ ಟೈಲರಮ್ಮನಿಗೆ ಕಾರು ‘ಎರವಲು’ ಸಿಗುತ್ತಿತ್ತು. ಎರವಲು ಎಂಬ ಪದ ಮೇಷ್ಟ್ರದ್ದು.

ಕಾಯಿಲೆ ಶುರುವಾಗಿ ಒಂದು ತಿಂಗಳಾಗಿತ್ತು. ಮೇಷ್ಟ್ರು ಗೇರು ಹಾಕಿದರೆ ಕಲ್ಲು ಅಗಿದಂತೆ ‘ಕರ್ರ್ರ್’ ಎಂಬ ಸದ್ದು. ಒಂದನೇ ಗೇರಿಗೆ ಅಂಗಲಾಚಬೇಕು. ರಿವರ್ಸ್ ಅಂತೂ ಹಠ ಹಿಡಿದ ಮಾವನಂತೆ. ಕೂತ ಕಡೆಯಿಂದ ಅಲ್ಲಾಡದು. ಇಷ್ಟಾದರೆ ಸಹಿಸಬಹುದಿತ್ತು. ಶನಿವಾರ ಅದೇ ಕಾರು ಟೈಲರಮ್ಮನ ಕೈಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಗೇರು ಬದಲಿಸುತ್ತಿತ್ತು! ಬೆಕ್ಕಿನ ತಲೆ ಸವರಿದ ಹಾಗೆ ಗೇರಿನ ಗುಂಡನ್ನೊಮ್ಮೆ ಸವರಿದರೆ ಸಾಕು, ರಿವರ್ಸ್ ಬಿದ್ದು ಕಾರು ಗೇಟು ದಾಟಿರುತ್ತಿತ್ತು.

“ನನಗೇನೂ ಸದ್ದೇ ಕೇಳ್ಲಿಲ್ವಲ್ರೀ!” ಎಂದು ಅವರು ಹೇಳಿದ್ದೇ ತಡ, ಮೇಷ್ಟ್ರ ಹೊಟ್ಟೆಯಲ್ಲಿ ಧಗ್ಗೆಂದಿತು.

“ಪೆಡಲ್ ಪೂರ್ತಿ ಕೆಳಗೆ ಹೋಗುತ್ತಾ ಅಂತ ಒಂದ್ಸಲ ನೋಡಬಾರ್ದಾ?”

“ಪೆಡಲ್ ಎಲ್ಲಿಗೆ ಹೋಗ್ಬೇಕು ಅಂತ ನೀನು ಹೇಳ್ಕೊಡ್ತೀಯಾ? ಇಪ್ಪತ್ತು ವರ್ಷದಿಂದ ಘರ್ಷಣೆ ಮೇಲೆ ಪಾಠ ಮಾಡ್ತಿದ್ದೀನಿ ಕಣೇ!”

“ಗೊತ್ತಲ್ಲ. ಮನೇಲೂ ಮಾಡ್ತೀರಿ.”

ಹೊಟ್ಟೆಕಿಚ್ಚು ಮೇಷ್ಟ್ರಿಗೆ ಹೊಸದೇನಲ್ಲ. ಶಾಲೆಯ ಲೆಕ್ಕದ ಮೇಷ್ಟ್ರು ಕ್ಲಚ್ಚೇ ಇಲ್ಲದ ಹೊಚ್ಚ ಹೊಸ ಕಾರು ತಂದು, “ಒಳಗೆ ಕಾಲಿಟ್ರೆ ಹುಲ್ಲಿನ ಮೇಲೆ ಇಟ್ಟ ಹಾಗಿರುತ್ತೆ ಮೇಷ್ಟ್ರೇ,” ಎಂದ ಸಂಜೆಯೇ ಇವರು ಎರಡು ಬೆರಳು ದಪ್ಪದ ಮ್ಯಾಟು ತಂದು, ಹಳೆಯ ಮ್ಯಾಟಿನ ಮೇಲೇ ಹಾಸಿ, ಅದರ ಮೇಲೆ ಕಾಲಾಡಿಸಿ ಸಮಾಧಾನಪಟ್ಟಿದ್ದರು. ಆದರೆ ಅದು ಹೊರಗಿನ ಕಿಚ್ಚು. ಇದು ಮನೆಯೊಳಗಿನದು! ತಮ್ಮನ್ನು ಕಂಡರೆ ಹಲ್ಲು ಕಡಿಯುವ ಕಾರು ಹೆಂಡತಿಯನ್ನು ಕಂಡರೆ ಬಾಲ ಅಲ್ಲಾಡಿಸುವುದೆಂದರೇನು? ಎಷ್ಟಾದರೂ ತವರಿನ ಕಾರು!

‘ಗಮನಿಸಿ, ಬರೆದಿಡಿ, ತೀರ್ಮಾನಿಸಿ’ ಎಂಬುದು ಮೇಷ್ಟ್ರ ತರಗತಿಯ ಮಂತ್ರ. ಅದರಂತೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನ, ಗಂಟೆ, ಬಿಸಿಲು, ಪೆಟ್ರೋಲಿನ ಮಟ್ಟ, ಟೈರಿನ ಗಾಳಿ, ಚಾಲಕರ ಚಪ್ಪಲಿ, ಚಾಲಕರ ಮನಸ್ಥಿತಿ ಎಲ್ಲವನ್ನೂ ತುಂಬಿದ್ದರು. ಟೈಲರಮ್ಮನ ಮನಸ್ಥಿತಿಯ ಕೆಳಗೆ ಪ್ರತಿ ಶನಿವಾರವೂ ‘ಅನುಮಾನಾಸ್ಪದವಾಗಿ ಸಂತೋಷ’ ಎಂದಿತ್ತು. ಮೂರು ವಾರದ ಸಂಶೋಧನೆಯ ಕೊನೆಗೆ, ಎರಡು ಸಲ ಅಡಿಗೆರೆ ಎಳೆದ ತೀರ್ಮಾನ: ‘ಕಾರು ಪಕ್ಷಪಾತಿ.’

ಸೋಮವಾರ ಮೆಕ್ಯಾನಿಕ್ಕಿನ ಬಳಿ ಹೋದರು. “ಕ್ಲಚ್ ಪ್ಲೇಟ್ ಸವೆದಿದೆ. ಇಲ್ಲಾಂದ್ರೆ ಗೇರ್‌ಬಾಕ್ಸೇ ಹೋಗಿದೆ. ಇವೆರಡರಲ್ಲಿ ಒಂದು,” ಎಂದು ರೋಗಿಗಿಂತ ಮೊದಲೇ ರೋಗದ ಹೆಸರನ್ನು ಮುಂದಿಟ್ಟರು. ಮೆಕ್ಯಾನಿಕ್ ತನ್ನ ಜಿಡ್ಡಿನ ಬೂಟು ತಗುಲದಿರಲೆಂದು ಕಾಲಡಿಯ ಮ್ಯಾಟುಗಳನ್ನೆಲ್ಲ ಎತ್ತಿ ಹಿಂದಿನ ಸೀಟಿಗೆ ಹಾಕಿ, ಹಳೆಯ ಪೇಪರು ಹಾಸಿ ಕೂತು, ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದ. ಒಂದು, ಎರಡು, ಮೂರು, ನಾಲ್ಕು, ರಿವರ್ಸ್. ಬೆಣ್ಣೆ!

“ಕುಣೀಲಾರದವರು ನೆಲ ಡೊಂಕು ಅಂದ್ರಂತೆ,” ಎಂದ ಆತ, ಮ್ಯಾಟುಗಳನ್ನು ಇದ್ದ ಹಾಗೇ ಮತ್ತೆ ಹಾಸುತ್ತ. “ತೊಂದ್ರೆ ಕ್ಲಚ್ಚಲ್ಲಿಲ್ಲ ಸಾರ್, ಕಾಲಲ್ಲಿದೆ. ಮನೇಲಿ ಯಾರಾದ್ರೂ ಕಾಲು ಪಳಗಿದೋರು ಇದ್ರೆ ಕೇಳಿ ಕಲ್ತ್ಕೊಳ್ಳಿ.”

ಮೊದಲ ತಿರುವಿನಲ್ಲೇ ಕಾರು ‘ಕರ್ರ್ರ್’ ಎಂದು ನಕ್ಕಿತು.

ಕಾಲು! ಮೇಷ್ಟ್ರು ಅಂದಿನಿಂದ ಹೆಂಡತಿಯ ಕಾಲನ್ನೇ ನೋಡತೊಡಗಿದರು. ಮದುವೆಯಾದ ಹೊಸತರಲ್ಲೂ ಹಾಗೆ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಹೊಲಿಗೆ ಮೆಷಿನ್ನು ತುಳಿದ ಕಾಲು ಅದು. ಗುಟ್ಟು ಅಲ್ಲಿದೆ!

ಬುಧವಾರ ಮಧ್ಯಾಹ್ನ ಟೈಲರಮ್ಮ ಯಾರದೋ ಮನೆಗೆ ಅಳತೆ ತೆಗೆದುಕೊಳ್ಳಲು ಹೋದಾಗ, ಅರ್ಧ ದಿನದ ಶಾಲೆ ಮುಗಿಸಿ ಬಂದ ಮೇಷ್ಟ್ರು ಕಳ್ಳಬೆಕ್ಕಿನಂತೆ ಮೆಷಿನ್ನಿನ ಮುಂದೆ ಕೂತರು. ಸೂಜಿಯ ಕೆಳಗೆ ಒಂದು ನೀಲಿ ಪರದೆ ಅರ್ಧ ಹೊಲಿದು ನಿಂತಿತ್ತು. ತುಳಿದರು. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತಿತು. “ಆಹಾ, ಇದಕ್ಕೆ ರಿವರ್ಸ್ ಎಷ್ಟು ಸುಲಭ!” ಎಂದು ಅಲ್ಲಿಯೂ ಹೊಟ್ಟೆ ಉರಿಯಿತು. ದಾರ ಪೋಣಿಸಲು ಇಪ್ಪತ್ತು ನಿಮಿಷ. ಮತ್ತೆ ತುಳಿದರು. ಈ ಸಲ ತಾಳ ಸಿಕ್ಕಿತು. ಟಕಟಕಟಕ! ತಮ್ಮ ಕಾಲಿನ ವೈಭವವನ್ನು ತಾವೇ ಬಗ್ಗಿ ನೋಡುತ್ತ ಮೈಮರೆತರು. ನಿಲ್ಲಿಸಿ ಏಳಹೋದರೆ ಪರದೆಯೂ ಜೊತೆಗೇ ಎದ್ದಿತು. ಅಂಗಿಯ ಬಲತೋಳಿನ ತುದಿ ಪರದೆಗೆ ನೀಟಾಗಿ ಹೊಲಿದುಹೋಗಿತ್ತು! ಎಳೆದರೆ ಸ್ಟೂಲು ಬಿತ್ತು, ಗುಂಡಿಯ ಡಬ್ಬಿ ಬಿತ್ತು, ಮುನ್ನೂರು ಗುಂಡಿಗಳು ಮಂಚದಡಿಗೆ ಓಡಿದವು.

ಅಷ್ಟರಲ್ಲಿ ಟೈಲರಮ್ಮ ಬಂದರು. ಮೂರು ಗಜ ನೀಲಿ ಪರದೆಯನ್ನು ಮಹಾರಾಜನ ನಿಲುವಂಗಿಯಂತೆ ಎಳೆದುಕೊಂಡು ಪತಿರಾಯರು ನಿಂತಿದ್ದರು.

“ಏನ್ರೀ ಇದು ಅವತಾರ?”

“ಕಾಲು ಅಭ್ಯಾಸ ಮಾಡ್ತಿದ್ದೆ.”

“ಕೈ ಹೊಲ್ಕೊಂಡಿದ್ದೀರಿ!”

ಒಂದೊಂದೇ ಹೊಲಿಗೆ ಬಿಚ್ಚುತ್ತ ಅವರು, “ಪರವಾಗಿಲ್ಲ, ನೇರವಾಗೇ ಬಿದ್ದಿದೆ,” ಎಂದರು. ಇಡೀ ವಾರದಲ್ಲಿ ಮೇಷ್ಟ್ರಿಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಶನಿವಾರ ಹನ್ನೊಂದಕ್ಕೆ ಟೈಲರಮ್ಮ ಅಂಗಡಿಗಳಿಂದ ಮರಳಿದರು. ಸೀಟು ಆರುವ ಮೊದಲೇ ಮೇಷ್ಟ್ರು ಕೀ ಕಸಿದು ಒಳಗೆ ಕೂತರು. ಒಂದನೇ ಗೇರು ಬಿತ್ತು! ಎರಡನೆಯದು! ರಿವರ್ಸ್ ಕೂಡ, ಕಮಕ್ ಕಿಮಕ್ ಎನ್ನದೆ! ಮೇಷ್ಟ್ರ ಕಣ್ಣು ಗೇರಿನ ಮೇಲೆ, ಕಿವಿ ಬಾನೆಟ್ಟಿನ ಮೇಲೆ. ಕಾಲಡಿಯ ನೆಲ ಹೇಗಿದೆ ಎಂದು ನೋಡುವ ಅಭ್ಯಾಸ ಅವರಿಗೆ ಮನೆಯಲ್ಲೇ ಇರಲಿಲ್ಲ, ಇನ್ನು ಕಾರಿನಲ್ಲಿ ಎಲ್ಲಿಂದ ಬರಬೇಕು?

“ಕಾಲು ಪಳಗಿತು ಕಣೇ! ಗೆದ್ದೆ! ಕೀ ನನ್ನ ಜೇಬಲ್ಲೇ!” ಎಂದು ಕೂಗಿ, ಅಲ್ಲಿಂದಲೇ ಲೆಕ್ಕದ ಮೇಷ್ಟ್ರಿಗೆ ಫೋನು ಹಚ್ಚಿದರು. “ನಾಳೆ ನಿಮ್ಮನೆಗೆ ಬರ್ತೀನಿ. ಓಡಿಸೋದು ಅಂದ್ರೆ ಏನು ಅಂತ ತೋರಿಸ್ತೀನಿ!”

ತೋರಿಸಿದರು. ಭಾನುವಾರ ಹತ್ತಕ್ಕೆ, ದಾರಿಯುದ್ದಕ್ಕೂ ‘ಕರ್ರ್’ ಎನ್ನಿಸುತ್ತಲೇ ಹೇಗೋ ಲೆಕ್ಕದ ಮೇಷ್ಟ್ರ ಮನೆ ಮುಟ್ಟಿ, ಗೇಟಿನ ಮುಂದೆ ಠೀವಿಯಿಂದ ತಿರುಗಿಸಹೋಗಿ, ಮೂಗು ಎದುರಿನ ಗೋಡೆಗೆ ತಾಗಿಸಿ, ಬಾಲ ಗೇಟಿನತ್ತ ಚಾಚಿ, ಅಡ್ಡಡ್ಡವಾಗಿ ನಿಂತರು. ರಿವರ್ಸ್ ಬೀಳಲಿಲ್ಲ. ಗೇಟಿನ ಒಳಗೆ ಹೊಸ ಕಾರಿನಲ್ಲಿ ಲೆಕ್ಕದ ಮೇಷ್ಟ್ರೂ ಅವರ ಹೆಂಡತಿಯೂ ಎಲ್ಲಿಗೋ ಹೊರಟು ಕೂತಿದ್ದರು. ಹೊರಗೆ ಹಾಲಿನ ವ್ಯಾನು. ಅದರ ಹಿಂದೆ ಒಂದು ಶವವಾಹನ. ಖಾಲಿಯಾಗಿತ್ತು, ಆದರೆ ಅದರ ಚಾಲಕ ಮೇಷ್ಟ್ರನ್ನು ಅಳತೆ ತೆಗೆದುಕೊಳ್ಳುವವನಂತೆ ನೋಡುತ್ತಿದ್ದ.

ಮನೆಗೆ ಫೋನು ಹೋಯಿತು. ತೋಳಿಗೆ ಅಂಟಿದ ದಾರದ ಎಳೆಗಳ ಸಮೇತ ಟೈಲರಮ್ಮ ಎರಡು ಬೀದಿ ನಡೆದು ಬಂದರು. ಕೂರುವ ಮುಂಚೆ, ಮೆಷಿನ್ನಿನ ಪೆಡಲ್ ನೋಡುವಂತೆ, ಬಗ್ಗಿ ಒಮ್ಮೆ ಕೆಳಗೆ ನೋಡಿದರು.

“ಅಯ್ಯೋ ರೀ! ಹೊಸ ಮ್ಯಾಟು ಪೆಡಲ್ ಕೆಳಗೇ ಸಿಕ್ಕಿಕೊಂಡಿದೆಯಲ್ರೀ! ಕ್ಲಚ್ಚು ಪೂರ್ತಿ ಒತ್ತೋಕೆ ಇದೆಲ್ಲಿ ಬಿಡುತ್ತೆ?”

ಮ್ಯಾಟು ಎಳೆದು, ಪಕ್ಕದ ಸೀಟಿಗೆ ಸರಿದಿದ್ದ ಗಂಡನ ತೊಡೆಯ ಮೇಲೆ ಹಾಕಿದರು. ಗುಂಡು ಸವರಿದರು. ರಿವರ್ಸ್ ಬಿತ್ತು.

“ಮತ್ತೆ... ಶನಿವಾರ?” ಮೇಷ್ಟ್ರು ಮ್ಯಾಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ಶನಿವಾರ ಈ ಮ್ಯಾಟು ಇರ್ಲಿಲ್ವಾ?”

“ಶನಿವಾರ ಅದು ತಂತಿ ಮೇಲೆ ಒಣಗ್ತಿರುತ್ತಲ್ಲ. ಸಂಜೆ ತಂದು ಹಾಸ್ತೀನಿ. ಎರಡು ಹಾಸಿದ್ದೀರಿ, ಏನೋ ವಿಜ್ಞಾನ ಇರಬೇಕು ಅಂತ ಎರಡನ್ನೂ ಹಾಸ್ತಿದ್ದೆ.”

“ತಂತಿ ಮೇಲೆ? ಯಾಕೆ?”

“ಯಾಕೆ ಅಂದ್ರೆ? ತೊಳೆದ ಮೇಲೆ ಒಣಗಬೇಡ್ವಾ?”

“ತೊಳೆಯೋದಾ? ಯಾರು?”

ಟೈಲರಮ್ಮ ಗಂಡನ ಮುಖವನ್ನೇ ನೋಡಿದರು. “ಯಾರೂ ಇಲ್ಲ. ಅದೇ ಎದ್ದು ಹೋಗಿ ಸ್ನಾನ ಮಾಡ್ಕೊಂಡು ಬರುತ್ತೆ! ಹನ್ನೊಂದು ವರ್ಷದಿಂದ, ಪ್ರತಿ ಶನಿವಾರ!”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮೇಷ್ಟ್ರು ನೋಟ್‌ಬುಕ್ಕು ತೆರೆದು ನೋಡಿದರು. ಬಿಸಿಲಿಗೆ ಒಂದು ಕಾಲಂ, ಗಾಳಿಗೆ ಒಂದು ಕಾಲಂ, ಚಪ್ಪಲಿಗೆ ಒಂದು ಕಾಲಂ. ತೊಳೆದವರಿಗೆ ಕಾಲಮ್ಮೇ ಇರಲಿಲ್ಲ! ಲೋಕದಲ್ಲಿ ಮೊಟ್ಟಮೊದಲ ಬಾರಿಗೆ ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವರು ಮಾತ್ರ ಕುಣಿಯಲಾರದವರೇ.

ಕೀ ಕೊಡುವ ಸಮಾರಂಭವೇನೂ ನಡೆಯಲಿಲ್ಲ. ಅದು ಆಗಲೇ ಟೈಲರಮ್ಮನ ಕೈಯಲ್ಲಿತ್ತು. ಮೇಷ್ಟ್ರು ಸೋಮವಾರದಿಂದ ಬಸ್ಸು ಹತ್ತಿದರು.

ಮುಂದಿನ ಶನಿವಾರ ಟೈಲರಮ್ಮ ಬೆಣ್ಣೆಯಂತೆ ರಿವರ್ಸ್ ತೆಗೆದು ಹೋದ ಮೇಲೆ, ಮೇಷ್ಟ್ರು ಅಂಗಳದ ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಮ್ಯಾಟಿಗೆ ಬ್ರಷ್ಷು ಉಜ್ಜುತ್ತಿದ್ದರು. ಹೊಸ ಕಾರೊಂದು ಬಂದು ನಿಂತಿತು.

“ಏನ್ ಮೇಷ್ಟ್ರೇ, ಬೆಳ್ಬೆಳಗ್ಗೆ?” ಲೆಕ್ಕದ ಮೇಷ್ಟ್ರು ಹಲ್ಲು ಕಿರಿದರು.

“ಗೇರ್‌ಬಾಕ್ಸ್ ರಿಪೇರಿ!” ಎಂದರು ಇವರು, ಬಿಂಕ ಬಿಡದೆ.

ಆಚೆ ಕಡೆಯ ಕಿಟಕಿ ಇಳಿಯಿತು. ಲೆಕ್ಕದ ಮೇಷ್ಟ್ರ ಹೆಂಡತಿ, “ರೀ, ನಮ್ಮ ಗಾಡಿಗೂ ಒಂದ್ಸಲ ಮಾಡಿಸ್ಬೇಕಿತ್ತು. ಇಳೀರಿ,” ಎಂದು ತಾವೇ ಸ್ಟೀರಿಂಗಿನ ಮುಂದೆ ಸರಿದು, ಗಂಡನನ್ನೂ ಮ್ಯಾಟುಗಳನ್ನೂ ಒಟ್ಟಿಗೇ ಇಳಿಸಿ ಹೊರಟರು.

ಹನ್ನೊಂದಕ್ಕೆ ಟೈಲರಮ್ಮ ಬಂದಾಗ ತಂತಿಯ ಮೇಲೆ ಮ್ಯಾಟುಗಳು ಸಾಲಾಗಿ ನೇತಾಡುತ್ತಿದ್ದವು. ಒಂದನ್ನು ಬೆರಳಲ್ಲಿ ಸವರಿ ಅವರು ಹುಬ್ಬೇರಿಸಿದರು. “ಅಬ್ಬಾ, ಎಷ್ಟು ಚೊಕ್ಕ! ಮೂಲೇಲೂ ಒಂದು ಚೂರು ಮಣ್ಣಿಲ್ಲ. ಇದನ್ನ ತೊಳೆದಿದ್ದು ಯಾರು?”

ಲೆಕ್ಕದ ಮೇಷ್ಟ್ರು ನಾಚಿ ಕೈ ಎತ್ತಿದರು.

ವಿಜ್ಞಾನದ ಮೇಷ್ಟ್ರು ಒಣಗುತ್ತಿದ್ದ ತಮ್ಮ ಮ್ಯಾಟನ್ನು ತಂತಿಯಿಂದ ಎಳೆದುಕೊಂಡು ಮತ್ತೆ ನಲ್ಲಿಯ ಕಡೆಗೆ ನಡೆದರು.